ಡಚೆಸ್ ಕೊನೆಗೆ ಹೇಳಿದ್ದು ಮಗನ ನೆಗಡಿಯ ವಿಷಯ

ಓದುಗರ ಪ್ರಶ್ನೆ, ಮೇಷ್ಟರಮ್ಮನ ಉತ್ತರ

ಷೇಕ್ಸ್‌ಪಿಯರ್ ಮತ್ತು ಅವನ ಕಾಲದವರ ದುರಂತ ನಾಟಕಗಳಲ್ಲಿ ಹೆಂಗಸರಿಗೆ ಆಗುವ ಅನ್ಯಾಯದ ಬಗ್ಗೆ ಹೋದ ತಿಂಗಳು ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೇ ಜಾಸ್ತಿ ಜಾಗ ಹಿಡಿದಿದೆ. ಅದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

*

ಪ್ರಶ್ನೆ: ನಾನು ಇಂಗ್ಲಿಷ್ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ನಮಗೆ ‘ಒಥೆಲೊ’ ಮತ್ತು ‘ಡಚೆಸ್ ಆಫ್ ಮಾಲ್ಫಿ’ ಪಠ್ಯ. ಒಂದರಲ್ಲಿ ಹೆಂಡತಿಯನ್ನು ಉಸಿರುಗಟ್ಟಿಸಿ ಸಾಯಿಸುತ್ತಾರೆ, ಇನ್ನೊಂದರಲ್ಲಿ ತಂಗಿಯ ಕುತ್ತಿಗೆಗೆ ಹಗ್ಗ ಬಿಗಿಯುತ್ತಾರೆ. ಅದಕ್ಕೂ ಮುಂಚೆ ಬಾಯಿಗೆ ಬಂದ ಹಾಗೆ ಬಯ್ಯುತ್ತಾರೆ. ತರಗತಿಯಲ್ಲಿ ಕೇಳಿದರೆ ‘ಆ ಕಾಲವೇ ಹಾಗಿತ್ತು’ ಎಂದು ಮುಂದಿನ ಪುಟಕ್ಕೆ ಹೋಗುತ್ತಾರೆ. ಇದನ್ನು ಬರೆದವರಿಗೆ ಹೆಂಗಸರೆಂದರೆ ದ್ವೇಷವಾ? ನಾನು ಇದನ್ನು ಯಾಕೆ ಓದಬೇಕು?
(ವಿದ್ಯಾರ್ಥಿನಿ, ಧಾರವಾಡ)

ಉತ್ತರ: ನಿನ್ನನ್ನು ನೀನು ಎಂದೇ ಕರೆಯುತ್ತೇನೆ ಮಗಳೇ. ನಿನ್ನ ವಯಸ್ಸಿನವರಿಗೆ ಮೂವತ್ತೊಂದು ವರ್ಷ ಇದೇ ನಾಟಕಗಳನ್ನು ಪಾಠ ಮಾಡಿದವಳು ನಾನು. ‘ಆ ಕಾಲವೇ ಹಾಗಿತ್ತು’ ಅನ್ನುವ ಮಾತು ನನಗೂ ಸೇರುವುದಿಲ್ಲ. ಕಾಲ ಯಾರ ಕುತ್ತಿಗೆಗೂ ಹಗ್ಗ ಹಾಕುವುದಿಲ್ಲ, ಅಲ್ವಾ? ಹಾಕುವವರು ಮನುಷ್ಯರು. ಅವರು ಯಾರು, ಯಾಕೆ ಹಾಕಿದರು ಅನ್ನುವುದನ್ನೇ ಈ ನಾಟಕಗಳು ತೋರಿಸುವುದು.

ಡಚೆಸ್‌ಳಿಂದಲೇ ಶುರು ಮಾಡೋಣ. ಜಾನ್ ವೆಬ್‌ಸ್ಟರ್ ಬರೆದ ಈ ನಾಟಕವನ್ನು 1613-14ರ ಹೊತ್ತಿಗೆ ಲಂಡನ್ನಿನಲ್ಲಿ ಆಡಿದರು. 1623ರಲ್ಲಿ ಅಚ್ಚಾಯಿತು. ಡಚೆಸ್, ಅಂದರೆ ಮಾಲ್ಫಿ ಎಂಬ ಊರಿನ ಒಡತಿ, ಚಿಕ್ಕ ವಯಸ್ಸಿನ ವಿಧವೆ. ಅವಳಿಗೆ ಇಬ್ಬರು ಸೋದರರು. ಒಬ್ಬ ಚರ್ಚಿನ ಕಾರ್ಡಿನಲ್. ಇನ್ನೊಬ್ಬ ಫರ್ಡಿನಾಂಡ್, ಅವಳ ಜೊತೆಗೇ ಹುಟ್ಟಿದ ಅವಳಿ. ಮತ್ತೆ ಮದುವೆಯ ಯೋಚನೆ ಮಾಡಬೇಡ ಎಂದು ಇಬ್ಬರೂ ಅವಳಿಗೆ ಬುದ್ಧಿ ಹೇಳಿ ಹೊರಡುತ್ತಾರೆ. ಅವರು ಅತ್ತ ಹೋಗುತ್ತಿದ್ದಂತೆ ಇವಳು ತನ್ನ ಮನೆವಾರ್ತೆ ನೋಡಿಕೊಳ್ಳುವ ಆಂಟೋನಿಯೊನನ್ನು ಕರೆಸುತ್ತಾಳೆ. ಉಯಿಲು ಬರೆಸುವುದು ನೆಪ. ಅವನ ಕಣ್ಣು ಕೆಂಪಾಗಿರುವುದು ಅವಳಿಗೆ ಕಾಣುತ್ತದೆ. ‘ಈ ಉಂಗುರ ಒತ್ತಿಕೊಳ್ಳಿ, ಕಣ್ಣಿಗೆ ಒಳ್ಳೆಯದಂತೆ’ ಎಂದು ಬೆರಳಿನಿಂದ ತೆಗೆದು ಕೊಡುತ್ತಾಳೆ. ಅದು ಅವಳ ಮದುವೆಯ ಉಂಗುರ. ಅವನು ಹೆದರಿ ಮಂಡಿಯೂರಿದರೆ ಕೈ ಹಿಡಿದು ಎಬ್ಬಿಸುತ್ತಾಳೆ. ‘ಇದು ರಕ್ತ ಮಾಂಸ. ಗಂಡನ ಗೋರಿಯ ಮೇಲೆ ಮಂಡಿಯೂರಿ ಕೂತ ಬಿಳಿಕಲ್ಲಿನ ಬೊಂಬೆಯಲ್ಲ’ ಅನ್ನುತ್ತಾಳೆ. ತರಗತಿಯಲ್ಲಿ ಈ ಸಾಲು ಬಂದಾಗಲೆಲ್ಲ ಹುಡುಗಿಯರು ಪುಸ್ತಕದಿಂದ ತಲೆ ಎತ್ತುತ್ತಿದ್ದರು. ಒಂದು ವರ್ಷವೂ ತಪ್ಪಲಿಲ್ಲ.

ಇಬ್ಬರೂ ಗುಟ್ಟಾಗಿ ಮದುವೆಯಾಗುತ್ತಾರೆ. ಮುಂದೆ ಅವಳಿಗೆ ಮಗುವಾದ ಸುದ್ದಿ ಫರ್ಡಿನಾಂಡನಿಗೆ ಮುಟ್ಟುತ್ತದೆ. ಅವನು ಏನು ಮಾಡುತ್ತಾನೆ ನೋಡು. ತಂಗಿಯ ಹತ್ತಿರ ಹೋಗಿ ಕೇಳುವುದಿಲ್ಲ. ಕೂತಲ್ಲೇ ಕಲ್ಪಿಸಿಕೊಳ್ಳುತ್ತಾನೆ. ಗಟ್ಟಿ ತೊಡೆಯ ದೋಣಿಯವನಿರಬೇಕು. ಅಲ್ಲ, ಸೌದೆ ಅಂಗಳದ ಆಳಿರಬೇಕು. ಅಲ್ಲ, ಅವಳ ಕೋಣೆಗೆ ಇದ್ದಲು ಹೊತ್ತುಕೊಂಡು ಹೋಗುವ ಹುಡುಗನಿರಬೇಕು. ಒಂದಾದ ಮೇಲೆ ಒಂದು ಚಿತ್ರ ಕಟ್ಟಿಕೊಂಡು ಅವುಗಳಿಗೇ ಹೊಟ್ಟೆ ಉರಿದುಕೊಳ್ಳುತ್ತಾನೆ. ಪಕ್ಕದಲ್ಲಿದ್ದ ಕಾರ್ಡಿನಲ್ಲೇ ಬೆಚ್ಚಿ, ಯಾಕೆ ಇಷ್ಟೊಂದು ಬಿರುಗಾಳಿ ಎಬ್ಬಿಸುತ್ತೀಯ ಎಂದು ಕೇಳುತ್ತಾನೆ. ನಿಜದಲ್ಲಿ ಅಲ್ಲಿರುವುದು ಏನು? ಕೈಹಿಡಿದ ಗಂಡ. ಒಂದು ಮಗು. ಮುಂದೆ ಇನ್ನೆರಡು. ರಾತ್ರಿ ತಲೆ ಬಾಚಿಕೊಳ್ಳುತ್ತಾ, ಕೂದಲಿನ ಬಣ್ಣ ಬದಲಾಗುತ್ತಿದೆ ಅಲ್ವಾ ಎಂದು ಗಂಡನನ್ನು ಕೇಳುವ ಒಬ್ಬ ಹೆಂಗಸು. ತಮಾಷೆಗೆಂದು ಗಂಡ ಸದ್ದಿಲ್ಲದೆ ಎದ್ದು ಹೋಗಿರುತ್ತಾನೆ. ಇವಳು ಅವನಿದ್ದಾನೆ ಅಂದುಕೊಂಡು ಮಾತಾಡುತ್ತಲೇ ಇರುತ್ತಾಳೆ. ತಿರುಗಿದರೆ ಕಠಾರಿ ಹಿಡಿದ ಫರ್ಡಿನಾಂಡ್.

ಮಗಳೇ, ನನಗೆ ಇಷ್ಟು ವರ್ಷದಲ್ಲಿ ತಿಳಿದದ್ದು ಇದು. ಈ ನಾಟಕಗಳಲ್ಲಿ ಹೆಂಗಸನ್ನು ದ್ವೇಷಿಸುವ ಗಂಡಸು ಅವಳನ್ನು ನೋಡುವುದೇ ಇಲ್ಲ. ತನ್ನ ತಲೆಯಲ್ಲಿ ಕಟ್ಟಿಕೊಂಡ ಚಿತ್ರವನ್ನು ನೋಡುತ್ತಾನೆ. ಆಮೇಲೆ ಆ ಚಿತ್ರಕ್ಕೆ ಕೊಡಬೇಕಾದ ಶಿಕ್ಷೆಯನ್ನು ಎದುರಿಗಿರುವ ಹೆಂಗಸಿಗೆ ಕೊಡುತ್ತಾನೆ.

‘ಒಥೆಲೊ’ ತೆಗೆದು ನೋಡು. ನಿನ್ನ ಹೆಂಡತಿ ಡೆಸ್ಡಿಮೋನಾಗೆ ನಿನ್ನ ಕೈಕೆಳಗಿನ ಕ್ಯಾಸಿಯೊ ಜೊತೆ ಸಂಬಂಧ ಇದೆ ಎಂದು ಇಯಾಗೊ ಎಂಬ ಇನ್ನೊಬ್ಬ ಕೈಕೆಳಗಿನವನು ಕಿವಿ ಊದುತ್ತಾನೆ. ಕಣ್ಣಿಗೆ ಕಾಣುವ ಸಾಕ್ಷಿ ಬೇಕು ಎಂದು ಒಥೆಲೊ ಗುಡುಗುತ್ತಾನೆ. ಇಯಾಗೊ ಕೊಡುವುದು ಏನು? ಕ್ಯಾಸಿಯೊ ನಿದ್ದೆಯಲ್ಲಿ ಹೀಗೆ ಬಡಬಡಿಸಿದ ಅನ್ನುವ ಒಂದು ಕತೆ. ಆಮೇಲೆ ಒಂದು ಕರವಸ್ತ್ರ. ಸ್ಟ್ರಾಬೆರಿ ಹಣ್ಣಿನ ಕಸೂತಿಯ ಆ ಕರವಸ್ತ್ರವನ್ನು ಒಥೆಲೊಗೆ ಕೊಟ್ಟದ್ದು ಅವನ ತಾಯಿ, ಅವನು ಅದನ್ನು ಹೆಂಡತಿಗೆ ಕೊಟ್ಟಿದ್ದ. ಅಷ್ಟರ ಮೇಲೆ ಒಬ್ಬಳ ಜೀವ ಹೋಯಿತು. ಇಯಾಗೊನ ನಾಲಿಗೆ ಎಂಥದು ಅನ್ನುವುದು ನಮಗೆ ಮೊದಲೇ ಗೊತ್ತಿರುತ್ತದೆ. ಹೆಂಗಸರು ಹೊರಗೆ ಚಿತ್ರಪಟ, ಅಡುಗೆಮನೆಯಲ್ಲಿ ಕಾಡುಬೆಕ್ಕು ಎಂದು ಹೆಂಡತಿಯ ಎದುರಿಗೇ, ಎಲ್ಲರ ನಡುವೆ ಅಂದವನು ಅವನು. ‘ಛೀ, ಚಾಡಿಕೋರ’ ಎಂದು ಡೆಸ್ಡಿಮೋನಾ ಅಲ್ಲೇ ಅಂದುಬಿಡುತ್ತಾಳೆ. ಒಥೆಲೊಗೆ ಅವನು ಪ್ರಾಮಾಣಿಕನಾಗಿ ಕಾಣುತ್ತಾನೆ. ಹೆಂಡತಿ ಕಾಣುವುದಿಲ್ಲ.

ಹಾಗಾಗಿ ಬಯ್ಗುಳ ಕಂಡ ಕೂಡಲೇ ಅದು ನಾಟಕ ಬರೆದವನದ್ದೇ ಮಾತು ಅಂದುಕೊಳ್ಳಬೇಡ. ಯಾರ ಬಾಯಲ್ಲಿದೆ, ಅವನಿಗೆ ಆ ಹೆಂಗಸಿನ ಬಗ್ಗೆ ಏನು ಗೊತ್ತು ಎಂದು ಕೇಳು. ‘ಡಚೆಸ್’ ನಾಟಕದಲ್ಲಿ ಅವಳನ್ನು ದಿನವೂ ಹತ್ತಿರದಿಂದ ನೋಡುವ ಗಂಡಸು ಗಂಡನನ್ನು ಬಿಟ್ಟರೆ ಒಬ್ಬನೇ, ಬೊಸೋಲಾ. ಅವನು ಸೋದರರ ದುಡ್ಡು ತಿಂದ ಗೂಢಚಾರ. ಬಸುರಿಯೋ ಅಲ್ಲವೋ ತಿಳಿಯಲು ಆಪ್ರಿಕಾಟ್ ಹಣ್ಣು ತಂದುಕೊಟ್ಟು, ಅವಳು ಆಸೆಯಿಂದ ತಿನ್ನುವುದನ್ನು ನಿಂತು ನೋಡುತ್ತಾನೆ. ಅಷ್ಟು ನೀಚ. ಆದರೂ ಅವಳು ಸತ್ತ ಮೇಲೆ ಅಳುವವನು ಅವನೇ. ನೋಡುತ್ತಾ ನೋಡುತ್ತಾ ಅವಳು ಎಂಥವಳೆಂದು ಅವನಿಗೆ ಗೊತ್ತಾಗಿಬಿಟ್ಟಿರುತ್ತದೆ.

ಅವಳು ಸಾಯುವ ಜಾಗಕ್ಕೆ ಬರುತ್ತೇನೆ. ಕೊಲ್ಲುವವರು ಹಗ್ಗ ಹಿಡಿದು ಬಂದಿದ್ದಾರೆ. ಕೊಲ್ಲುವ ಮುಂಚೆ ಹೆದರಿಸಲು ಸತ್ತವನ ಕೈ, ಮೇಣದ ಬೊಂಬೆಗಳು, ಹುಚ್ಚರ ಕುಣಿತ ಎಲ್ಲ ಮಾಡಿಸಿ ಆಗಿದೆ. ‘ನಾನು ಇನ್ನೂ ಮಾಲ್ಫಿಯ ಡಚೆಸ್ಸೇ’ ಎಂದು ಅವಳು ಹೇಳುವುದು ಇದೇ ದೃಶ್ಯದಲ್ಲಿ. ಪರೀಕ್ಷೆಯಲ್ಲಿ ಎಲ್ಲರೂ ಬರೆಯುವ ಸಾಲು ಅದು. ನಾನು ನಿಲ್ಲುವುದು ಇನ್ನೂ ಸ್ವಲ್ಪ ಮುಂದೆ. ಸಖಿ ಕರಿಯೋಲಾಳಿಗೆ ಅವಳು ಹೇಳುತ್ತಾಳೆ: ನನ್ನ ಪುಟ್ಟ ಮಗನಿಗೆ ನೆಗಡಿಯಾಗಿದೆ, ಸ್ವಲ್ಪ ಸಿರಪ್ ಕುಡಿಸು. ಮಗಳು ಮಲಗುವ ಮುಂಚೆ ಪ್ರಾರ್ಥನೆ ಹೇಳಲಿ.

ಒಂದು ಸಲ ಈ ಸಾಲನ್ನು ತರಗತಿಯಲ್ಲಿ ಓದುತ್ತಿದ್ದ ಹುಡುಗಿ ತಟ್ಟನೆ ನಿಲ್ಲಿಸಿದಳು. ‘ಮೇಡಂ, ನಮ್ಮಮ್ಮ ಆಪರೇಷನ್‌ಗೆ ಹೋಗುವಾಗ ಹೀಗೇ ಅಂದಿದ್ದರು. ತಮ್ಮನಿಗೆ ಕಷಾಯ ಬಿಸಿ ಮಾಡಿ ಕೊಡು, ಬಟ್ಟೆ ಒಳಗೆ ತಗೊಂಡು ಬಾ ಅಂತ’ ಅಂದಳು. ಅವತ್ತು ನಾನು ಮುಂದಕ್ಕೆ ಪಾಠ ಮಾಡಲಿಲ್ಲ. ಗಂಟೆ ಹೊಡೆಯುವ ತನಕ ಎಲ್ಲರೂ ಅವರವರ ಅಮ್ಮಂದಿರ ಮಾತು ಹೇಳುತ್ತಾ ಕೂತರು.

ಫರ್ಡಿನಾಂಡ್ ಕಟ್ಟಿಕೊಂಡ ಚಿತ್ರವನ್ನೂ ಈ ನೆಗಡಿಯ ಔಷಧಿಯನ್ನೂ ಒಂದೇ ನಾಟಕದಲ್ಲಿ ಅಕ್ಕಪಕ್ಕ ಇಟ್ಟವನು ವೆಬ್‌ಸ್ಟರ್. ಅವನಿಗೆ ಹೆಂಗಸರೆಂದರೆ ದ್ವೇಷ ಎಂದು ನಾನು ಹೇಳಲಾರೆ. ಅವಳು ಸಾಯುವುದು ನಾಲ್ಕನೇ ಅಂಕದಲ್ಲಿ. ಐದನೇ ಅಂಕದಲ್ಲಿ ಫರ್ಡಿನಾಂಡ್ ತನ್ನನ್ನು ತೋಳ ಅಂದುಕೊಂಡು ಅಲೆಯುತ್ತಾನೆ. ಅವಳಿಲ್ಲದ ಮನೆ ಎಷ್ಟು ಹಾಳು ಬೀಳುತ್ತದೆ ಅಂತ ತೋರಿಸಲು ಒಂದು ಇಡೀ ಅಂಕ.

ಹಾಗಂತ ಎಲ್ಲ ನಾಟಕಗಳ ಪರವಾಗಿ ವಾದ ಮಾಡುತ್ತೇನೆ ಅಂದುಕೊಳ್ಳಬೇಡ. 1594ರಲ್ಲಿ ಅಚ್ಚಾದ ‘ಟೈಟಸ್ ಆಂಡ್ರಾನಿಕಸ್’ನಲ್ಲಿ ಲವೀನಿಯಾಳ ಮೇಲೆ ಅತ್ಯಾಚಾರ ಮಾಡಿ ಕೈ, ನಾಲಿಗೆ ಕತ್ತರಿಸುತ್ತಾರೆ. ಚಿಕ್ಕಪ್ಪ ಅವಳನ್ನು ಕಾಣುತ್ತಾನೆ. ರಕ್ತ ಸುರಿಯುತ್ತಿರುವ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಉದ್ದಕ್ಕೆ ಉಪಮೆ ಹೇಳುತ್ತಾ ಹೋಗುತ್ತಾನೆ. ಕಡೆಗೆ ತಂದೆಯೇ ಅವಳನ್ನು ಕೊಲ್ಲುತ್ತಾನೆ, ಅವಮಾನ ಅವಳ ಜೊತೆ ಸಾಯಲಿ ಎಂದು. ಇದು ಷೇಕ್ಸ್‌ಪಿಯರ್ ಹೆಸರಿನ ನಾಟಕ. ನನಗೆ ಇವತ್ತಿಗೂ ಅದನ್ನು ಕ್ಷಮಿಸಲು ಆಗಿಲ್ಲ. ‘ಕಿಂಗ್ ಲಿಯರ್’ನಲ್ಲಿ ಮುದುಕ ಹೆಂಗಸರ ಮೈಯನ್ನೇ ನರಕ ಎಂದು ಬಯ್ಯುವಾಗಲೂ ಹಾಗೇ. ಅಲ್ಲಿ ಅವನಿಗೆ ಎದುರುತ್ತರ ಕೊಡುವವರು ಯಾರೂ ಇಲ್ಲ. ಇಂಥ ಕಡೆ ನಿನಗೆ ಸಿಟ್ಟು ಬಂದರೆ ಅದನ್ನು ಉತ್ತರಪತ್ರಿಕೆಯಲ್ಲೇ ಬರೆ. ಯಾವ ಸಾಲು, ಯಾರ ಮಾತು ಎಂದು ತೋರಿಸಿ ಬರೆದರೆ ಯಾವ ಮೇಷ್ಟರೂ ಅಂಕ ಕಡಿಮೆ ಮಾಡಲು ಬರುವುದಿಲ್ಲ.

*

ಪ್ರಶ್ನೆ: ನಾನು ನಿವೃತ್ತ ಬ್ಯಾಂಕ್ ಉದ್ಯೋಗಿ. ನಾನೂರು ವರ್ಷದ ಹಿಂದಿನ ನಾಟಕಕ್ಕೆ ಇವತ್ತಿನ ಸ್ತ್ರೀವಾದದ ಅಳತೆಗೋಲು ಹಿಡಿಯುವುದು ನ್ಯಾಯವೇ? ಅವರಿಗೆ ಈ ವಿಚಾರಗಳೆಲ್ಲ ಹೊಳೆದೇ ಇರಲಿಲ್ಲವಲ್ಲ.
(ಓದುಗರು, ಮೈಸೂರು)

ಉತ್ತರ: ಸರ್, ಹೊಳೆದಿತ್ತು. ಚೆನ್ನಾಗಿಯೇ ಹೊಳೆದಿತ್ತು.

1615ರಲ್ಲಿ ಜೋಸೆಫ್ ಸ್ವೆಟ್ನಮ್ ಅನ್ನುವವನು ಹೆಂಗಸರನ್ನು ಹೀನಾಯವಾಗಿ ಬಯ್ದು ಒಂದು ಪುಸ್ತಕ ಬರೆದ. ಅದು ಮತ್ತೆ ಮತ್ತೆ ಅಚ್ಚಾಯಿತು. ಎರಡೇ ವರ್ಷಕ್ಕೆ, 1617ರಲ್ಲಿ, ರೇಚಲ್ ಸ್ಪೆಟ್ ಎಂಬ ಇಪ್ಪತ್ತರ ಆಸುಪಾಸಿನ ಪಾದ್ರಿಯ ಮಗಳು ತನ್ನ ಸ್ವಂತ ಹೆಸರಿನಲ್ಲೇ ಉತ್ತರ ಅಚ್ಚು ಹಾಕಿಸಿದಳು. ದೇವರು ಹೆಣ್ಣನ್ನು ಆದಾಮನ ಕಾಲಿನಿಂದ ಮಾಡಲಿಲ್ಲ, ತಲೆಯಿಂದಲೂ ಮಾಡಲಿಲ್ಲ, ಪಕ್ಕೆಯಿಂದ ಮಾಡಿದ, ಹಾಗಾಗಿ ಸರಿಸಮ ಅನ್ನುವುದು ಅವಳ ವಾದ. ಬೈಬಲ್ಲನ್ನೇ ಮುಂದಿಟ್ಟು ಮಾತಾಡಿದಳು. ಸ್ವೆಟ್ನಮ್‌ನನ್ನು ಹೆಂಗಸರೇ ಕಟಕಟೆಗೆ ತಂದು ನಿಲ್ಲಿಸುವ ಒಂದು ನಾಟಕವೂ ಬಂತು. 1620ರಲ್ಲಿ ಅದು ಅಚ್ಚಾಗಿದೆ.

ಇದಕ್ಕೂ ಮುಂಚೆ, 1613ರಲ್ಲಿ, ಎಲಿಜಬೆತ್ ಕೇರಿ ಬರೆದ ‘ಮೇರಿಯಂ’ ದುರಂತ ನಾಟಕ ಅಚ್ಚಾಯಿತು. ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಸ್ವಂತವಾಗಿ ಬರೆದು ಅಚ್ಚಾದ ಮೊದಲ ನಾಟಕ ಅದು. ಹೆರೋದ್ ರಾಜ ಸುಳ್ಳು ಅನುಮಾನದ ಮೇಲೆ ಹೆಂಡತಿ ಮೇರಿಯಂಳ ತಲೆ ತೆಗೆಸುತ್ತಾನೆ. ಅದರಲ್ಲಿ ಸಲೋಮಿ ಕೇಳುತ್ತಾಳೆ: ಮದುವೆ ಮುರಿದುಕೊಳ್ಳುವ ಹಕ್ಕು ಗಂಡಸಿಗೆ ಇದೆಯಲ್ಲ, ನಮಗೆ ಯಾಕಿಲ್ಲ? ಇದು ಇವತ್ತಿನ ಅಳತೆಗೋಲು ಅಲ್ಲ ಸರ್, ಅವತ್ತಿನದೇ.

ಕಾನೂನು ನೋಡಿ. ಹೆಂಡತಿ ಗಂಡನನ್ನು ಕೊಂದರೆ ಅದು ಬರೀ ಕೊಲೆ ಆಗುತ್ತಿರಲಿಲ್ಲ. 1351ರ ಶಾಸನದ ಪ್ರಕಾರ ಅದು ಒಂದು ಬಗೆಯ ದ್ರೋಹ, ಆಳು ಧಣಿಯನ್ನು ಕೊಂದ ಹಾಗೆ. ಶಿಕ್ಷೆ, ಜೀವಂತ ಸುಡುವುದು. ಗಂಡ ಹೆಂಡತಿಯನ್ನು ಕೊಂದರೆ ಅದು ಮಾಮೂಲಿ ಕೊಲೆ ಅಷ್ಟೇ. 1551ರಲ್ಲಿ ಆಲಿಸ್ ಆರ್ಡನ್ ಎಂಬಾಕೆಯನ್ನು ಕ್ಯಾಂಟರ್ಬರಿಯಲ್ಲಿ ಹೀಗೇ ಸುಟ್ಟರು. ಅವಳ ಕತೆಯೂ ನಾಟಕವಾಗಿ 1592ರಲ್ಲಿ ಅಚ್ಚಾಯಿತು. ‘ಒಥೆಲೊ’ ನೋಡಲು ಬಂದವರು ಈ ಕಾನೂನಿನ ಕೆಳಗೇ ಬದುಕುತ್ತಿದ್ದವರು.

ಇನ್ನೊಂದು ಸಣ್ಣ ವಿಷಯ ಇದೆ, ನನಗೆ ತುಂಬ ಇಷ್ಟವಾದದ್ದು. ‘ಒಥೆಲೊ’ ಮೊದಲು ಅಚ್ಚಾದದ್ದು 1622ರಲ್ಲಿ. ಮರುವರ್ಷ ಷೇಕ್ಸ್‌ಪಿಯರ್‌ನ ನಾಟಕಗಳ ದೊಡ್ಡ ಸಂಪುಟದಲ್ಲಿ ಮತ್ತೆ ಬಂತು. ಇಯಾಗೊನ ಹೆಂಡತಿ ಎಮಿಲಿಯಾ ರಾತ್ರಿ ಡೆಸ್ಡಿಮೋನಾಳಿಗೆ ಬಟ್ಟೆ ಬಿಚ್ಚಲು ನೆರವಾಗುತ್ತಾ ಹೇಳುವ ಮಾತು ಈ ಎರಡನೇ ಪುಸ್ತಕದಲ್ಲಿ ಮಾತ್ರ ಇದೆ: ಹೆಂಡತಿಯರಿಗೂ ತಮ್ಮ ಹಾಗೇ ಇಂದ್ರಿಯಗಳಿವೆ ಅನ್ನುವುದು ಗಂಡಂದಿರಿಗೆ ಗೊತ್ತಿರಲಿ, ಅವರಿಗೂ ಕಣ್ಣು ಕಾಣುತ್ತದೆ, ಮೂಗಿಗೆ ವಾಸನೆ ಬರುತ್ತದೆ, ಸಿಹಿ ಹುಳಿ ಎರಡೂ ನಾಲಿಗೆಗೆ ತಿಳಿಯುತ್ತದೆ. ಮೊದಲ ಪುಸ್ತಕ ಒಂದನ್ನೇ ಓದಿದವರಿಗೆ ಈ ಎಮಿಲಿಯಾ ಸಿಗುವುದೇ ಇಲ್ಲ.

ಕೊನೆಯ ದೃಶ್ಯದಲ್ಲಿ ‘ಮನೆಗೆ ನಡಿ’ ಎಂದು ಗಂಡ ಗದರಿಸಿದಾಗ ಅವಳು, ಗಂಡನ ಮಾತು ಕೇಳಬೇಕಾದ್ದು ನನ್ನ ಧರ್ಮ, ಆದರೆ ಈಗಲ್ಲ ಅನ್ನುತ್ತಾಳೆ. ಬಹುಶಃ ಇನ್ನು ಮನೆಗೆ ಹೋಗುವುದೇ ಇಲ್ಲ ಅನ್ನುತ್ತಾಳೆ. ಎಲ್ಲರೆದುರು ಸತ್ಯ ಹೇಳಿದ್ದಕ್ಕೆ ಇಯಾಗೊ ಅವಳಿಗೆ ಇರಿಯುತ್ತಾನೆ. ನನ್ನ ಯಜಮಾನಿಯ ಪಕ್ಕದಲ್ಲಿ ಮಲಗಿಸಿ ಎಂದು ಕೇಳಿಕೊಂಡು ಸಾಯುತ್ತಾಳೆ. ಸರ್, ದಯವಿಟ್ಟು ಆ ದೃಶ್ಯವನ್ನು ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಮನೆಯವರ ಎದುರು ಓದಿದರೆ ಇನ್ನೂ ಒಳ್ಳೆಯದು.

*

ಪ್ರಶ್ನೆ: ಆಗ ಹೆಣ್ಣುಪಾತ್ರ ಮಾಡುತ್ತಿದ್ದವರು ಹುಡುಗರಂತೆ. ಹಾಗಿದ್ದ ಮೇಲೆ ಅದನ್ನು ಹೆಂಗಸರ ಚಿತ್ರಣ ಎನ್ನುವುದು ಹೇಗೆ? ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಯಕ್ಷಗಾನದ ಹುಚ್ಚು, ಅದಕ್ಕೇ ಕೇಳುತ್ತಿದ್ದೇನೆ.
(ಓದುಗರು, ಕುಂದಾಪುರ)

ಉತ್ತರ: ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದ ನಿಮಗೆ ಉತ್ತರ ಅರ್ಧ ಗೊತ್ತೇ ಇದೆ. ವೇಷ ಚೆನ್ನಾಗಿದ್ದರೆ ಒಳಗಿರುವವನು ಮರೆತುಹೋಗುತ್ತಾನೆ. ಅಲ್ಲೂ ಅದೇ ಆಯಿತು. 1610ರಲ್ಲಿ ಆಕ್ಸ್‌ಫರ್ಡಿನಲ್ಲಿ ‘ಒಥೆಲೊ’ ಆಡಿದಾಗ ಹೆನ್ರಿ ಜಾಕ್ಸನ್ ಎಂಬಾತ ನೋಡಿ ಲ್ಯಾಟಿನ್ನಿನಲ್ಲಿ ಪತ್ರ ಬರೆದ. ಡೆಸ್ಡಿಮೋನಾ ಉದ್ದಕ್ಕೂ ಚೆನ್ನಾಗಿಯೇ ಮಾಡಿದಳು, ಆದರೆ ಸತ್ತು ಹಾಸಿಗೆಯಲ್ಲಿ ಬಿದ್ದಾಗ ಬರೀ ಮುಖದಿಂದಲೇ ನೋಡುವವರ ಕರುಣೆ ಬೇಡುತ್ತಿದ್ದಳು ಎಂದ. ಮಾಡಿದಳು ಎಂದೇ ಬರೆದ, ಮಾಡಿದ ಎಂದಲ್ಲ.

‘ಡಚೆಸ್ ಆಫ್ ಮಾಲ್ಫಿ’ ಅಚ್ಚಾದಾಗ ನಟರ ಪಟ್ಟಿಯೂ ಅದರಲ್ಲಿತ್ತು. ಡಚೆಸ್ ಪಾತ್ರದ ಎದುರು ರಿಚರ್ಡ್ ಶಾರ್ಪ್ ಎಂಬ ಹೆಸರಿದೆ. ನೆಗಡಿಯ ಔಷಧಿಯ ಮಾತನ್ನು ಲಂಡನ್ನಿನ ಜನ ಕೇಳಿದ್ದು ಒಬ್ಬ ಹುಡುಗನ ಬಾಯಿಂದ.

ಆದರೆ ಒಂದು ನಷ್ಟ ಇದ್ದೇ ಇದೆ. ಹೆಂಗಸಿನ ಮಾತನ್ನು ಗಂಡಸು ಬರೆದ, ಹುಡುಗ ಆಡಿದ. ‘ಈ ಮಾತು ನನ್ನ ಬಾಯಲ್ಲಿ ಬರುವುದಿಲ್ಲ’ ಎಂದು ತಾಲೀಮಿನಲ್ಲಿ ಹೇಳಬಲ್ಲ ಹೆಂಗಸು ಅಲ್ಲಿ ಇರಲಿಲ್ಲ. ಲಂಡನ್ನಿನ ವೃತ್ತಿರಂಗಭೂಮಿಗೆ ನಟಿ ಬಂದದ್ದು 1660ರ ಡಿಸೆಂಬರಿನಲ್ಲಿ. ಅವಳು ಮಾಡಿದ ಪಾತ್ರವೂ ಡೆಸ್ಡಿಮೋನಾಳದ್ದೇ.

*

ಪ್ರಶ್ನೆ: ನನ್ನ ಮಗಳಿಗೆ ಕಾಲೇಜಿನ ‘ಹ್ಯಾಮ್ಲೆಟ್’ನಲ್ಲಿ ಒಫೀಲಿಯಾ ಪಾತ್ರ ಸಿಕ್ಕಿದೆ. ‘ನೀನು ಸುಮ್ನೆ ಚೆಂದ ಕಾಣಬೇಕು, ಆಮೇಲೆ ಅಳಬೇಕು, ಅಷ್ಟೇ’ ಎಂದು ನಾಟಕ ಮಾಡಿಸುವವರು ಹೇಳಿದ್ದಾರಂತೆ. ಮಗಳು ಬೇಜಾರಾಗಿ ಬಿಟ್ಟುಬಿಡುತ್ತೇನೆ ಅನ್ನುತ್ತಿದ್ದಾಳೆ. ಏನು ಹೇಳಲಿ?
(ಒಬ್ಬ ತಾಯಿ, ಶಿವಮೊಗ್ಗ)

ಉತ್ತರ: ಬಿಡಬೇಡ ಅನ್ನಿ ತಾಯಿ. ಖಂಡಿತ ಬಿಡಬಾರದು.

‘ಚಂಚಲತೆ, ನಿನ್ನ ಹೆಸರೇ ಹೆಣ್ಣು’ ಎಂದು ಹ್ಯಾಮ್ಲೆಟ್ ಮೊದಲೇ ತೀರ್ಪು ಕೊಟ್ಟಿರುತ್ತಾನೆ, ತಾಯಿಯ ಮೇಲಿನ ಸಿಟ್ಟಿನಲ್ಲಿ. ಆ ಸಿಟ್ಟು ಅವನು ಪ್ರೀತಿಸುತ್ತಿದ್ದ ಒಫೀಲಿಯಾಳ ತಲೆಗೆ ಬೀಳುತ್ತದೆ. ಕನ್ಯಾಮಠಕ್ಕೆ ಹೋಗು, ನೀವೆಲ್ಲ ಮುಖಕ್ಕೆ ಬಣ್ಣ ಬಳಿದುಕೊಳ್ಳುವವರು ಎಂದು ಕೂಗಾಡಿ ಹೋಗುತ್ತಾನೆ. ಅವನು ಹೋದ ಮೇಲೆ ಅವಳು ಮರುಗುವುದು ಅವನಿಗಾಗಿ, ಎಂಥ ಒಳ್ಳೆಯ ಮನಸ್ಸು ಹೀಗಾಯಿತಲ್ಲ ಎಂದು. ಆಗ ಮರೆಯಲ್ಲಿ ನಿಂತು ಕೇಳುತ್ತಿದ್ದ ಅವಳ ಅಪ್ಪ ಹೊರಗೆ ಬಂದು ಅವಳಿಗೆ ಹೇಳುವ ಮಾತು ಕೇಳಿ: ಹ್ಯಾಮ್ಲೆಟ್ ಏನಂದ ಎಂದು ನೀನು ಹೇಳಬೇಕಾಗಿಲ್ಲ, ನಮಗೆಲ್ಲ ಕೇಳಿಸಿತು. ಏಟು ತಿಂದವಳಿಗೆ ಬಾಯಿ ಬಿಡಲೂ ಅವಕಾಶ ಇಲ್ಲ. ಮಗಳು ಆ ಗಳಿಗೆಯಲ್ಲಿ ಅಳದೆ, ಏನೋ ಹೇಳಲು ಬಾಯಿ ತೆರೆದು ಹಾಗೇ ನಿಲ್ಲಲಿ. ಅಷ್ಟು ಮಾಡಿದರೆ ನೋಡುವವರಿಗೆ ಎಲ್ಲ ತಿಳಿಯುತ್ತದೆ.

ಅವಳು ಬರೀ ವಿಧೇಯ ಹುಡುಗಿಯೂ ಅಲ್ಲ. ಶೀಲದ ಬಗ್ಗೆ ಅಣ್ಣ ಉದ್ದ ಉಪದೇಶ ಮಾಡಿದಾಗ, ನನಗೆ ಮುಳ್ಳಿನ ದಾರಿ ತೋರಿಸಿ ನೀನು ಹೂವಿನ ದಾರಿಯಲ್ಲಿ ಹೋಗಬೇಡ ಎಂದು ತಿರುಗಿ ಹೇಳುತ್ತಾಳೆ. ಆ ಸಾಲನ್ನು ಮೆಲ್ಲಗೆ ನುಂಗಬಾರದು.

ಇನ್ನು ಅಪ್ಪ ಸತ್ತ ಮೇಲೆ ಅವಳಿಗೆ ಹಿಡಿಯುವ ಹುಚ್ಚಿನ ದೃಶ್ಯ. 1603ರಲ್ಲಿ ಅಚ್ಚಾದ ಪುಸ್ತಕದಲ್ಲಿ, ಒಫೀಲಿಯಾ ಕೂದಲು ಬಿಟ್ಟುಕೊಂಡು, ಲೂಟ್ ವಾದ್ಯ ನುಡಿಸುತ್ತಾ, ಹಾಡುತ್ತಾ ಬರುತ್ತಾಳೆ ಎಂದಿದೆ. ನಮ್ಮಲ್ಲಿ ಲೂಟ್ ಸಿಗುವುದಿಲ್ಲ, ಬರೀ ಹಾಡಿದರೂ ಸಾಕು. ಅವಳು ಹಾಡುವುದು ಮದುವೆಯಾಗುತ್ತೇನೆಂದು ನಂಬಿಸಿ ಹಾಸಿಗೆಗೆ ಕರೆದು, ಆಮೇಲೆ ನೀನೇ ಬಂದೆಯಲ್ಲ ಅನ್ನುವ ಗಂಡಸಿನ ಹಾಡು. ಬುದ್ಧಿ ಸರಿ ಇದ್ದಾಗ ಆಸ್ಥಾನದಲ್ಲಿ ಬಾಯಿಗೂ ತರಬಾರದಾಗಿದ್ದ ಮಾತು ಅದು. ಈಗ ರಾಜ ರಾಣಿ ಕೂತು ಕೇಳಲೇಬೇಕು. ಹಾಗಾಗಿ ಮಗಳು ಅವರ ಮುಖ ನೋಡಿಯೇ ಹಾಡಲಿ, ಆಕಾಶ ನೋಡಿಕೊಂಡು ಬೇಡ.

ಕೊನೆಗೆ ಅವಳು ಹೂವು, ಎಲೆ ಹಂಚುತ್ತಾಳೆ. ರೋಸ್‌ಮರಿ ನೆನಪಿಗೆ, ಪ್ಯಾನ್ಸಿ ಯೋಚನೆಗೆ. ರೂ ಎಂಬ ಕಹಿ ಸೊಪ್ಪನ್ನು ಒಬ್ಬರಿಗೆ ಕೊಟ್ಟು ತನಗೂ ಸ್ವಲ್ಪ ಇಟ್ಟುಕೊಳ್ಳುತ್ತಾಳೆ. ಅಪ್ಪ ಸತ್ತಾಗ ವಯಲೆಟ್ ಹೂವೆಲ್ಲ ಬಾಡಿದವು ಅನ್ನುತ್ತಾಳೆ. ಎದುರಿಗೆ ಅಣ್ಣ, ರಾಜ, ರಾಣಿ ಇದ್ದಾರೆ. ಆ ಕಹಿ ಸೊಪ್ಪು ಇವರಲ್ಲಿ ಯಾರಿಗೆ ಎಂದು ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲ. ತಾಲೀಮಿಗೆ ಹೋಗುವ ಮುಂಚೆ ಮಗಳು ಅದೊಂದನ್ನು ತಾನೇ ತೀರ್ಮಾನ ಮಾಡಿಕೊಂಡು ಹೋಗಲಿ. ಯಾರಿಗೆ ಕೊಟ್ಟಳು ಎಂದು ನನಗೂ ಬರೆದು ತಿಳಿಸಲಿ.